ಸಹಾಯ ಬೇಕು: ಕಕ್ಕಡದ (ಕೊಡಗಿನ ಜುಲೈ–ಆಗಸ್ಟ್ ತಿಂಗಳ) ಮಳೆಯಲ್ಲಿ ಹಿರಿಯರ ಸ್ನಾನ, ಒಣಗದ ಟವೆಲ್

ಮಳೆಗಾಲದಲ್ಲಿ ಟವೆಲ್ ಒಣಗಿಸುವುದು ಹೇಗೆಂದು ಮಡಿಕೇರಿ ಕಡೆ ಹಿರಿಯರನ್ನು ನೋಡಿಕೊಳ್ಳುವವರು ಯಾರಾದರೂ ಹೇಳಿ. 80 ದಾಟಿದವರಿಗೆ ಹಂಡೆಯ ಸುಡುನೀರು ದಿನಾ ಹುಯ್ದರೆ ಚರ್ಮದ ಎಣ್ಣೆಯಂಶ ಹೋಗಿ ಮೊಣಕಾಲ ಕೆಳಗೆ ಬಿಳಿ ಪೊರೆ ಏಳುತ್ತದೆ, ರಾತ್ರಿಯೆಲ್ಲಾ ಕೆರೆತ. ಅದಕ್ಕೇ ಸ್ನಾನ ವಾರಕ್ಕೆ 2–3 ಸಲ, 37–38 ಡಿಗ್ರಿ ನೀರು, 10 ನಿಮಿಷದೊಳಗೆ. ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ. ಉಜ್ಜದೆ ಒತ್ತಿ ಒರೆಸಿ, ತೇವ ಆರುವ ಮುಂಚೆಯೇ ವ್ಯಾಸಲೀನ್.

ತೊಡಕಿರುವುದು ಟವೆಲ್‌ದು. ಮೂರು ದಿನವಾದರೂ ಒಣಗಲ್ಲ, ಮುಗ್ಗಲು ವಾಸನೆ. ಅದರಲ್ಲೇ ಒರೆಸಿದರೆ ಕಾಲ್ಬೆರಳ ಸಂದಿಗೆ ಫಂಗಸ್. ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸಿ ಅನ್ನಬೇಡಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ವಾಸನೆ ಹಿಡಿಯದಂತೆ ಒಣಗಿಸುವ ದಾರಿ ಗೊತ್ತಿದ್ದರೆ ತಿಳಿಸಿ.