ಸಹಾಯ ಬೇಕು: ಸೋದರತ್ತೆಯೇ ಅಜ್ಜಿಯಾದರೆ ಟೈರರ್-ಕ್ಯೂಜಿಕ್‌ನಲ್ಲಿ ಎಲ್ಲಿ ತುಂಬೋದು?

ಟೈರರ್-ಕ್ಯೂಜಿಕ್ ಅನ್ನೋ ಮಾಡೆಲ್ ಇಟ್ಟುಕೊಂಡು ಸ್ತನ ಕ್ಯಾನ್ಸರ್ ರಿಸ್ಕ್ ಲೆಕ್ಕ ಹಾಕೋವಾಗ ಒಂದು ವಂಶವೃಕ್ಷದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮಹಿಳೆಗೆ 36 ವರ್ಷ, ಅಪ್ಪ-ಅಮ್ಮಂದು ಸೋದರಮಾವ-ಸೊಸೆ ಮದುವೆ. ಅಪ್ಪನ ಅಕ್ಕನೇ ಅಮ್ಮನ ಅಮ್ಮ. ಆಕೆಗೆ 44ಕ್ಕೆ ಸ್ತನ ಕ್ಯಾನ್ಸರ್. ಜೀನ್ ಟೆಸ್ಟ್ ಆಗುವ ಮೊದಲೇ ತೀರಿಕೊಂಡಿದ್ದಾರೆ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲ.

ಇಂಥದೇ ಇನ್ನೊಂದು ರಿಸ್ಕ್ ಲೆಕ್ಕವಾದ ಗೇಲ್ ಮಾಡೆಲ್ ಇಲ್ಲಿ ದಂಡ. ಅದು ಕೇಳೋದು ತಾಯಿ, ಅಕ್ಕತಂಗಿ, ಮಗಳು ಅಷ್ಟೇ, ಹಾಗಾಗಿ ಕುಟುಂಬದ ಇತಿಹಾಸ ಸೊನ್ನೆ ಅಂತ ತಗೊಳ್ಳುತ್ತೆ. ಟೈರರ್-ಕ್ಯೂಜಿಕ್‌ನಲ್ಲಿ ಅಜ್ಜಿಗೂ ಸೋದರತ್ತೆಗೂ ಬೇರೆ ಬೇರೆ ಜಾಗ ಇದೆ. ಎರಡೂ ಕಡೆ 44 ಅಂತ ಹಾಕಿದರೆ ಒಬ್ಬರೇ ಇಬ್ಬರು ರೋಗಿಗಳಾಗಿ ರಿಸ್ಕ್ ಸುಮ್ಮನೆ ಏರುತ್ತೆ. ಒಂದೇ ಕಡೆ ಹಾಕಿದರೆ ಇನ್ನೊಂದು ದಾರಿ ಮಾಯ.

ಕೈಲೆಕ್ಕ ಹೀಗಿದೆ: ಆಕೆಯಲ್ಲಿ ಬಿಆರ್‌ಸಿಎ (ಕೆಟ್ಟರೆ ಸ್ತನ ಕ್ಯಾನ್ಸರ್ ರಿಸ್ಕ್ ಏರಿಸುವ ಜೀನ್) ದೋಷದ ಒಂದು ಪ್ರತಿ ಇತ್ತು ಅಂದುಕೊಂಡರೆ, ಮೊಮ್ಮಗಳಿಗೆ ಬಂದಿರುವ ಸಾಧ್ಯತೆ ಅಮ್ಮನ ಕಡೆಯಿಂದ 1/4, ಅಪ್ಪನ ಕಡೆಯಿಂದಲೂ 1/4. ಎರಡೂ ಕಡೆಯಿಂದ ಒಟ್ಟಿಗೆ ಬರೋದನ್ನು ಕಳೆದರೆ ಒಟ್ಟು ನೂರಕ್ಕೆ 25 ಅಲ್ಲ, 40ರ ಆಸುಪಾಸು.

ಈಗ ಅಜ್ಜಿ ಅಂತ ಮಾತ್ರ ತುಂಬಿ, ಬಂದ ಅಂಕಿ ಕನಿಷ್ಠ ಮಿತಿ ಅಂತ ವರದಿಯಲ್ಲಿ ಬರೆಯೋದು ಸರಿಯಾ? ಅಥವಾ ಸ್ಕೋರ್ ಬಿಟ್ಟು, ಬದುಕಿರುವ ಅಪ್ಪ-ಅಮ್ಮ ಇಬ್ಬರಿಗೂ ನೇರ ಬಿಆರ್‌ಸಿಎ ಟೆಸ್ಟ್ ಮಾಡಿಸಬೇಕಾ? ಇಂಥ ವಂಶವೃಕ್ಷ ನೋಡಿದವರು ಯಾವುದು ಮಾಡ್ತೀರಿ?