ಓದುಗರ ಸ್ಪಂದನ: ಗುರ್ ಅನ್ನುವ ಮರಿಯನ್ನು ಕೊಟ್ಟುಬಿಡಬೇಕಾ?

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ಮನೆಯ ನಾಯಿಮರಿಯ ಬಗ್ಗೆ ಬರೆದಿದ್ದರು. 5 ವಾರದ ಗಂಡುಮರಿಯನ್ನು ತಂದು ಸಾಕಿದ್ದಾರೆ. ಈಗ ಅದಕ್ಕೆ 4 ತಿಂಗಳು. ಕೈಕಾಲು ಕಚ್ಚುತ್ತದೆ, ಬಟ್ಟೆ ಹಿಡಿದು ಎಳೆಯುತ್ತದೆ, ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ. ಮೊನ್ನೆ ಅದು ತಿನ್ನುವಾಗ ತಟ್ಟೆಯ ಹತ್ತಿರ ಹೋದ 6 ವರ್ಷದ ಮಗನಿಗೆ ಗುರ್ ಅಂದಿದೆ. "ನಾಲ್ಕು ಬಿಗಿದರೆ ಸರಿಹೋಗುತ್ತೆ" ಅನ್ನುತ್ತಾರೆ ಅತ್ತೆ. "ಯಾರಿಗಾದರೂ ಕೊಟ್ಟುಬಿಡೋಣ" ಅನ್ನುತ್ತಾರೆ ಗಂಡ. "ನನಗೆ ಎರಡಕ್ಕೂ ಮನಸ್ಸಿಲ್ಲ. ಏನು ಮಾಡಲಿ?" ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. 12 ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ನಮ್ಮದು ಹೆಣ್ಣುನಾಯಿ. ತಟ್ಟೆಯ ಹತ್ತಿರ ಹೋದರೆ ಗುರ್ ಅನ್ನುತ್ತಿತ್ತು. ನಾವು ಬಿಗಿದೆವು. ಗುರ್ ಅಂದಾಗಲೆಲ್ಲ ಮೂತಿಗೆ ಒಂದು ಏಟು. ಎರಡು ವಾರದಲ್ಲಿ ಅದರ ಸದ್ದು ಅಡಗಿತು. ಬುದ್ಧಿ ಬಂತು ಅಂತ ಎಲ್ಲರೂ ಖುಷಿಪಟ್ಟೆವು.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ನನ್ನ ತಂಗಿಯ ಮಗಳು ಅದರ ತಟ್ಟೆಯ ಪಕ್ಕದಲ್ಲಿ ಹಾದುಹೋದಳು. ನಾಯಿ ಗುರ್ ಅನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ನೇರವಾಗಿ ಮಗುವಿನ ಮಣಿಕಟ್ಟಿಗೆ ಬಾಯಿ ಹಾಕಿತು. ಆ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಮೇಲೆ ನನಗೆ ಅರ್ಥವಾಯಿತು. ಗುರ್ ಅನ್ನೋದು ಅದರ ಮಾತು. "ನನಗೆ ಹೆದರಿಕೆ ಆಗ್ತಿದೆ, ಇನ್ನೂ ಹತ್ತಿರ ಬರಬೇಡ" ಅಂತ ಅದು ಹೇಳುತ್ತಿತ್ತು. ನಾವು ಹೊಡೆದು ಬಾಯಿ ಮುಚ್ಚಿಸಿದೆವು. ಹೆದರಿಕೆ ಒಳಗೇ ಇತ್ತು, ನಮ್ಮ ಏಟಿಗೆ ಇನ್ನೂ ಬೆಳೆದಿತ್ತು. ನಿಮ್ಮ ಮರಿ ಗುರ್ ಅಂದಿದೆ ಅಂದರೆ ಅದು ಇನ್ನೂ ನಿಮ್ಮ ಹತ್ತಿರ ಮಾತಾಡುತ್ತಿದೆ. ದಯವಿಟ್ಟು ಆ ಮಾತನ್ನು ನಿಲ್ಲಿಸಬೇಡಿ.

ಅತ್ತೆಯವರಿಗೆ ಹೇಳಲು ಒಂದು ಲೆಕ್ಕ ಕೊಡುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ನಡವಳಿಕೆ ಸರಿಯಿಲ್ಲ ಅಂತ ನಾಯಿಯನ್ನು ತೋರಿಸಲು ಬಂದವರನ್ನು ಮನೆಯಲ್ಲಿ ಏನೇನು ಮಾಡಿದಿರಿ ಅಂತ ಕೇಳಿದ್ದರು. ಹೊಡೆದೋ ಒದ್ದೋ ಮಾಡಿದವರಲ್ಲಿ ನೂರಕ್ಕೆ 43 ಮಂದಿಯ ನಾಯಿಗಳು ತಿರುಗಿಬಿದ್ದಿದ್ದವು. ಬೆನ್ನ ಮೇಲೆ ಕೆಡವಿ ಒತ್ತಿ ಹಿಡಿದವರಲ್ಲಿ 31. ಇದು ನನಗೆ ಮೊದಲೇ ಗೊತ್ತಿದ್ದಿದ್ದರೆ ಅಂತ ಎಷ್ಟು ಸಲ ಅಂದುಕೊಂಡಿದ್ದೇನೋ.

ಗುರ್ ಅನ್ನುವ ಮುಂಚೆಯೂ ಅದು ಏನೋ ಹೇಳುತ್ತಿರುತ್ತೆ. ತಿನ್ನುವಾಗ ನೀವು ಹತ್ತಿರ ಬಂದರೆ ಗಬಗಬ ನುಂಗುತ್ತೆ. ಇಲ್ಲವೇ ತಲೆ ತಗ್ಗಿಸಿ ಹಾಗೇ ಬಿಗಿಯಾಗಿ ನಿಲ್ಲುತ್ತೆ. ತಲೆ ತಿರುಗಿಸದೆ ಓರೆಗಣ್ಣಿನಲ್ಲಿ ನೋಡುತ್ತೆ, ಕಣ್ಣಿನ ಬಿಳಿ ಭಾಗ ಕಾಣುತ್ತೆ. ಇದನ್ನು ಮನೆಯವರೆಲ್ಲ ನೋಡಿ ಕಲಿಯಿರಿ.

— ಒಬ್ಬ ಅಕ್ಕ

*

ಮೇಡಂ, ನಾನು ಪಶುಚಿಕಿತ್ಸಾಲಯವೊಂದರಲ್ಲಿ ಸಹಾಯಕಿ. ಇಂಥ ಮರಿಗಳನ್ನು ದಿನಾ ನೋಡುತ್ತೇನೆ. ಕಚ್ಚುವ ವಿಷಯ ಮಾತ್ರ ಹೇಳುತ್ತೇನೆ.

4 ತಿಂಗಳು ಅಂದರೆ ಹಲ್ಲು ಬದಲಾಗುವ ಹೊತ್ತು. 28 ಹಾಲುಹಲ್ಲು ಬಿದ್ದು 42 ಹೊಸ ಹಲ್ಲು ಬರಬೇಕು. 6, 7 ತಿಂಗಳವರೆಗೂ ವಸಡು ಕಡಿಯುತ್ತಿರುತ್ತೆ, ಅದಕ್ಕೆ ಏನಾದರೂ ಅಗಿಯಲೇಬೇಕು. ಹಳೆಯ ಬಟ್ಟೆಯನ್ನು ನೀರಲ್ಲಿ ನೆನೆಸಿ, ತಿರುಚಿ ಗಂಟು ಹಾಕಿ, ಫ್ರೀಜರ್‌ನಲ್ಲಿಟ್ಟು ಕೊಡಿ. ತಣ್ಣಗಿರುವುದನ್ನು ಅಗಿದರೆ ವಸಡಿಗೆ ಹಿತ. ಚೂರು ಕಿತ್ತು ನುಂಗದ ಹಾಗೆ ಪಕ್ಕದಲ್ಲೇ ಇರಿ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲೇ ಇದೆ. 5 ವಾರಕ್ಕೇ ತಾಯಿಯಿಂದ ಬೇರೆ ಮಾಡಿದ್ದಾರೆ. ಮರಿ ಕನಿಷ್ಠ 8 ವಾರ ತಾಯಿ ಹತ್ತಿರ, ಒಡಹುಟ್ಟಿದವರ ಜೊತೆ ಇರಬೇಕು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತೆ ಅನ್ನೋದನ್ನು ಅದು ಅಲ್ಲೇ ಕಲಿಯೋದು. ಆಡುವಾಗ ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕುಂಯ್ ಅಂದು ಆಟ ಬಿಟ್ಟು ಹೋಗುತ್ತೆ. ಜೋರಾಗಿ ಕಚ್ಚಿದರೆ ಜೊತೆಗಾರ ಇರಲ್ಲ ಅಂತ ಗೊತ್ತಾಗುತ್ತೆ. ನಿಮ್ಮ ಮರಿಗೆ ಆ ಪಾಠ ಪೂರ್ತಿ ಆಗಿಲ್ಲ. ಅದನ್ನು ಈಗ ನೀವು ಕಲಿಸಬೇಕು.

ಹಲ್ಲು ಚರ್ಮಕ್ಕೆ ತಾಗಿದ ಕೂಡಲೇ ಆಟ ನಿಲ್ಲಿಸಿ. ಕೈ ಜಗ್ಗಬೇಡಿ, ಜಗ್ಗಿದರೆ ಅದಕ್ಕೆ ಇನ್ನೂ ಮಜಾ. ಕೈ ಸಡಿಲ ಬಿಟ್ಟು, ಏನೂ ಮಾತಾಡದೆ ಎದ್ದು ಹೋಗಿ. ಅರ್ಧ ನಿಮಿಷ ಸಾಕು. ವಾಪಸ್ ಬಂದು ಕೈ ಬದಲು ಆಟಿಕೆ ಕೊಡಿ. ಒಬ್ಬರು ಎದ್ದು ಹೋಗಿ ಇನ್ನೊಬ್ಬರು ಕೈ ಕೊಟ್ಟು ಕಚ್ಚಿಸಿಕೊಂಡರೆ ಇದು ಕೆಲಸ ಮಾಡಲ್ಲ. ಮೊದಲ ಕೆಲವು ದಿನ ಕಚ್ಚೋದು ಜಾಸ್ತಿಯೂ ಆಗಬಹುದು. ಇಷ್ಟು ದಿನ ನಡೀತಿದ್ದ ಆಟ ನಿಂತಿತಲ್ಲ ಅಂತ ಅದು ಇನ್ನೂ ಜೋರಾಗಿ ಪ್ರಯತ್ನ ಮಾಡುತ್ತೆ. ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ನೀವು ಬಿಡಬೇಡಿ.

ಮಗನಿಗೆ "ಮರದ ಆಟ" ಹೇಳಿಕೊಡಿ. ಮರಿ ಮೇಲೆ ಹಾರಿದರೆ ಓಡಬಾರದು, ಕಿರುಚಬಾರದು. ಕೈಕಟ್ಟಿ, ಮೇಲೆ ನೋಡುತ್ತಾ ಮರದ ಹಾಗೆ ನಿಲ್ಲಬೇಕು. ಓಡುವ ಮಗುವನ್ನು ಅಟ್ಟಿಸಿಕೊಂಡು ಹೋಗದ ಮರಿ ಇಲ್ಲ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಹಲ್ಲು ತಾಗಿ ಚರ್ಮ ಕಿತ್ತಿದ್ದರೆ, ಗೀರಿದ್ದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ್ ಹತ್ತಿರ ಹೋಗಿ. ಮನೆಯ ಮರಿ ತಾನೆ, ಹಾಲುಹಲ್ಲು ತಾನೆ ಅಂತ ಸುಮ್ನೆ ಬಿಡಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸೋದು ಹೆಚ್ಚುಕಡಿಮೆ ಆಗದ ಮಾತು. ಮರಿಗೆ ಲಸಿಕೆ ಆಗಿದೆಯಾ ನೋಡಿ. ಹಾಗೇ ಕಿವಿ, ಹೊಟ್ಟೆ, ಬಾಯಿ ಎಲ್ಲಾ ಒಮ್ಮೆ ಪರೀಕ್ಷೆ ಮಾಡಿಸಿ. ಎಲ್ಲಾದರೂ ನೋವಿದ್ದರೆ ನಾವು ಎಷ್ಟು ಕಲಿಸಿದರೂ ಅದು ಸಿಡುಕುತ್ತಲೇ ಇರುತ್ತೆ.

— ಮರಿಗಳ ನಡುವೆ ಕೆಲಸ ಮಾಡುವವಳು

*

ಮರಿ ಎಷ್ಟು ಹೊತ್ತು ಮಲಗುತ್ತೆ ಅಂತ ನೀವು ಬರೆದಿಲ್ಲ. ಈ ವಯಸ್ಸಿನ ಮರಿಗೆ ದಿನಕ್ಕೆ 18 ಗಂಟೆಯಷ್ಟು ನಿದ್ದೆ ಬೇಕು. ಮಗು ಇರುವ ಮನೆಯಲ್ಲಿ ಅದನ್ನು ಯಾರೂ ಮಲಗಲು ಬಿಡಲ್ಲ. ನಮ್ಮ ಮರಿ ದಿನಾ ಸಂಜೆ ಹುಚ್ಚು ಹಿಡಿದ ಹಾಗೆ ಓಡಿ ಸಿಕ್ಕವರನ್ನೆಲ್ಲ ಕಚ್ಚುತ್ತಿತ್ತು. ಶಕ್ತಿ ಜಾಸ್ತಿಯಾಗಿದೆ ಅಂತ ನಾವು ಇನ್ನೂ ಓಡಾಡಿಸಿದೆವು. ನಿದ್ದೆಗೆಟ್ಟು ಹಾಗೆ ಆಡುತ್ತಿತ್ತು, ಪಾಪ. ಮಧ್ಯಾಹ್ನ ಎರಡು ಗಂಟೆ ಕತ್ತಲು ಕೋಣೆಯಲ್ಲಿ ಯಾರೂ ಮಾತಾಡಿಸದೆ ಮಲಗಿಸಲು ಶುರು ಮಾಡಿದ ಮೇಲೆ ವಾರದೊಳಗೆ ಅರ್ಧ ಕಚ್ಚಾಟ ಹೋಯಿತು.

— ಇಬ್ಬರು ಮಕ್ಕಳ ತಾಯಿ

*

ಅಮ್ಮಾ, ನಾನು ನಿವೃತ್ತ ಶಿಕ್ಷಕ. ನಾಲ್ಕು ಮರಿಗಳನ್ನು ಬೆಳೆಸಿದ್ದೇನೆ. ಉಚ್ಚೆಯ ವಿಷಯಕ್ಕೆ ನೀವು ತುಂಬಾ ನೊಂದುಕೊಂಡಿದ್ದೀರಿ, ಆದರೆ ನಿಮ್ಮ ಮೂರು ಸಮಸ್ಯೆಗಳಲ್ಲಿ ಸುಲಭದ್ದು ಅದೇ.

ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿ. ಅಷ್ಟು ಗಂಟೆ ತಡೆಯಬಲ್ಲದು ಅಂತ ಹೇಳುವುದುಂಟು. ಅದು ಮಲಗಿರುವಾಗಿನ ಲೆಕ್ಕ. ಎದ್ದು ಆಡುತ್ತಿರುವಾಗ ಅಷ್ಟು ಹೊತ್ತು ತಡೆಯುವುದಿಲ್ಲ. ನಿದ್ದೆಯಿಂದ ಎದ್ದ ಕೂಡಲೇ, ತಿಂದ ಮೇಲೆ, ಆಟ ಮುಗಿದ ಮೇಲೆ, ರಾತ್ರಿ ಮಲಗುವ ಮುಂಚೆ, ತಪ್ಪದೆ ಹೊರಗೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ. ಸುಮ್ಮನೆ ನಿಂತಿರಿ. ಅದು ಮುಗಿಸಿದ ಕ್ಷಣದಲ್ಲೇ, ಅಲ್ಲೇ, ಹೊಗಳಿ ಒಂದು ಚೂರು ತಿಂಡಿ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದಿದ್ದಕ್ಕೆ ಕೊಟ್ಟರು ಅಂತ ಅದು ತಿಳಿಯುತ್ತೆ.

ಒಳಗೆ ಮಾಡಿದರೆ ಅದರ ಮೂತಿಯನ್ನು ಆ ಉಚ್ಚೆಗೆ ಉಜ್ಜುವ ಪದ್ಧತಿ ಬೇಡ. ಹತ್ತು ನಿಮಿಷದ ಹಿಂದೆ ಮಾಡಿದ್ದಕ್ಕೂ ಈಗಿನ ಬೈಗುಳಕ್ಕೂ ಅದಕ್ಕೆ ನಂಟು ಗೊತ್ತಾಗುವುದಿಲ್ಲ. "ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿ" ಅನ್ನುತ್ತಾರೆ. ನಾನೂ ಹಾಗೇ ನಂಬಿದ್ದೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಆ ತಪ್ಪಿತಸ್ಥ ಮುಖ, ನಾಯಿ ನಿಜವಾಗಿ ತಪ್ಪು ಮಾಡಿತ್ತೋ ಇಲ್ಲವೋ ಅನ್ನುವುದರ ಮೇಲೆ ನಿಂತಿರಲಿಲ್ಲ. ಯಜಮಾನರು ಗದರಿದರೆ, ಏನೂ ಮಾಡದ ನಾಯಿಯೂ ಅದೇ ಮುಖ ಮಾಡುತ್ತಿತ್ತು. ಬೈದರೆ ಅದು ಕಲಿಯುವುದು ಒಂದೇ: ನಿಮ್ಮ ಕಣ್ಣೆದುರು ಮಾಡಬಾರದು ಅಂತ. ಆಮೇಲೆ ಹೊರಗೆ ಕರೆದುಕೊಂಡು ಹೋದರೂ ನೀವಿದ್ದೀರಿ ಅಂತ ಅದು ಮಾಡುವುದಿಲ್ಲ. ಒಳಗೆ ಬಂದು ಮಂಚದ ಹಿಂದೆ ಮಾಡುತ್ತದೆ.

ಒರೆಸಲು ಅಮೋನಿಯಾ ಇರುವ ದ್ರಾವಣ ಬಳಸಬೇಡಿ, ಅದಕ್ಕೂ ಉಚ್ಚೆಯ ವಾಸನೆಯೇ. ಎಂಜೈಮ್ ಇರುವ ದ್ರಾವಣ ಸಿಕ್ಕರೆ ಒಳ್ಳೆಯದು. ವಾಸನೆ ಹೋಯಿತು ಅಂತ ನಮಗೆ ಅನಿಸಿದರೂ ಅದರ ಮೂಗಿಗೆ ಇನ್ನೂ ಬರುತ್ತಿರುತ್ತದೆ, ಮತ್ತೆ ಅಲ್ಲೇ ಉಚ್ಚೆ ಹೊಯ್ಯುತ್ತದೆ.

— ನಿವೃತ್ತ ಶಿಕ್ಷಕ

*

ನಾನು ನಾಯಿಗಳಿಗೆ ತರಬೇತಿ ಕೊಡುವವನು. ತಟ್ಟೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ನಿಮಗೆ ಅದೇ ದೊಡ್ಡದು.

"ಮನೆಗೆ ಯಜಮಾನ ಯಾರು ಅಂತ ತೋರಿಸಿ, ತಿನ್ನುವಾಗ ತಟ್ಟೆ ಕಿತ್ತುಕೊಳ್ಳಿ" ಅಂತ ಹಲವರು ನಿಮಗೆ ಹೇಳಿರಬಹುದು. ಆ ಯೋಚನೆ ಬಂದಿದ್ದು ತೋಳಗಳಿಂದ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಆವರಣದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ 1947ರಲ್ಲಿ ಬರೆದರು. ಅವು ಮೇಲುಗೈಗಾಗಿ ಕಾದಾಡುತ್ತಿದ್ದವು. ಆಮೇಲೆ ಡೇವಿಡ್ ಮೆಕ್ ಎಂಬ ಇನ್ನೊಬ್ಬ ವಿಜ್ಞಾನಿ ಕಾಡಿನಲ್ಲೇ ತೋಳಗಳನ್ನು ವರ್ಷಗಟ್ಟಲೆ ನೋಡಿದರು. ಅಲ್ಲಿ ಹಿಂಡು ಅಂದರೆ ಅಪ್ಪ, ಅಮ್ಮ, ಮಕ್ಕಳು. ಸಾಮಾನ್ಯವಾಗಿ ಅಪ್ಪ ಅಮ್ಮನೇ ಮುಂದಾಳುಗಳು, ಕಾದಾಡಿ ಗೆದ್ದು ಆ ಜಾಗಕ್ಕೆ ಬಂದವರಲ್ಲ. 1999ರಲ್ಲಿ ಅವರು ಇದನ್ನು ಬಿಡಿಸಿ ಬರೆದರು. ಹಳೆಯ ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿದುಕೊಂಡಿದೆ.

ನಿಮ್ಮ ಮರಿ ಯಜಮಾನಿಕೆ ಮಾಡುತ್ತಿಲ್ಲ. ತಿನ್ನೋದು ಕೈತಪ್ಪುತ್ತೆ ಅಂತ ಹೆದರಿದೆ. ಕಿತ್ತುಕೊಂಡರೆ ಅದರ ಹೆದರಿಕೆ ನಿಜ ಅಂತ ನೀವೇ ತೋರಿಸಿದ ಹಾಗಾಯಿತು, ಅಲ್ವಾ? ಉಲ್ಟಾ ಮಾಡಿ. ಮನುಷ್ಯ ಹತ್ತಿರ ಬಂದರೆ ತಟ್ಟೆಗೆ ಇನ್ನೂ ಒಳ್ಳೆಯದು ಬೀಳುತ್ತೆ ಅಂತ ಕಲಿಸಿ.

ದೊಡ್ಡವರು ಮಾತ್ರ ಮಾಡಬೇಕು. ಮರಿ ತಿನ್ನುವಾಗ ಅದು ತಲೆಯೆತ್ತದಷ್ಟು ದೂರದಲ್ಲಿ ಹಾದುಹೋಗಿ. ಹೋಗುತ್ತಾ ಅದಕ್ಕೆ ತುಂಬಾ ಇಷ್ಟವಾದ ಒಂದು ಚೂರನ್ನು ತಟ್ಟೆಯ ಕಡೆ ಎಸೆಯಿರಿ. ನಿಲ್ಲಬೇಡಿ, ಮಾತಾಡಿಸಬೇಡಿ. ದಿನಾ ನಾಲ್ಕೈದು ಸಲ ಮಾಡಿ. ನಿಮ್ಮನ್ನು ಕಂಡರೆ ಬಾಲ ಆಡಿಸಿ ತಲೆಯೆತ್ತಲು ಶುರುವಾದ ಮೇಲೆ ಒಂದು ಹೆಜ್ಜೆ ಹತ್ತಿರ. ಮೈ ಬಿಗಿಯಾದರೆ ಎರಡು ಹೆಜ್ಜೆ ಹಿಂದೆ. ಬಾಯಲ್ಲಿ ಚಪ್ಪಲಿ ಕಚ್ಚಿದ್ದರೆ ಬೆನ್ನಟ್ಟಬೇಡಿ, ಬೇರೆ ಏನಾದರೂ ಕೊಟ್ಟು ಬದಲಾಯಿಸಿಕೊಳ್ಳಿ. ಕೆಲವು ಸಲ ಅದರ ವಸ್ತುವನ್ನು ತೆಗೆದುಕೊಂಡು, ತಿಂಡಿ ಕೊಟ್ಟು, ಆ ವಸ್ತುವನ್ನೂ ವಾಪಸ್ ಕೊಡಿ. ಕೊಟ್ಟರೆ ಕಳೆದುಹೋಗಲ್ಲ ಅನ್ನುವ ಧೈರ್ಯ ಅದಕ್ಕೆ ಬರಬೇಕು.

ಅಷ್ಟು ದಿನ ಮಗುವಿಗೂ ತಟ್ಟೆಗೂ ನಡುವೆ ಬಾಗಿಲು ಹಾಕಿರಲಿ. "ನಾನು ನೋಡ್ತಾ ಇದ್ದೀನಿ" ಅನ್ನೋದು ಸಾಲದು. ನಿಮ್ಮ ಕಣ್ಣಿಗಿಂತ ನಾಯಿಯ ಬಾಯಿ ಬೇಗ.

— ನಾಯಿ ತರಬೇತುದಾರ

*

ಎಲ್ಲರೂ ಇಟ್ಟುಕೊಳ್ಳಿ ಅಂತಲೇ ಬರೆಯುತ್ತಾರೆ ಅಂತ ನನಗೆ ಗೊತ್ತು. ನಾವು ಕೊಟ್ಟವರು. ಹಾಗಾಗಿ ಆ ಕಡೆಯ ಮಾತು ಬರೆಯುತ್ತಿದ್ದೇನೆ.

ನಮ್ಮ ನಾಯಿಗೆ ಆಗ ಎರಡು ವರ್ಷ. ಡಾಕ್ಟರಿಗೆ ತೋರಿಸಿದೆವು, ತರಬೇತಿ ಕೊಡಿಸಿದೆವು, 8 ತಿಂಗಳು ಕಷ್ಟಪಟ್ಟೆವು. ಮನೆಯಲ್ಲಿ ಆಗ ತಾನೆ ನಡೆಯಲು ಕಲಿತ ಮಗು. ಎರಡು ಸಲ ಕೂದಲೆಳೆಯಲ್ಲಿ ತಪ್ಪಿತು. ಕೊನೆಗೆ ಮಕ್ಕಳಿಲ್ಲದ ಒಂದು ಮನೆಗೆ ಕೊಟ್ಟೆವು. ಗುರ್ ಅನ್ನುತ್ತೆ, ಯಾವಾಗ ಅನ್ನುತ್ತೆ, ಒಂದನ್ನೂ ಮುಚ್ಚಿಡಲಿಲ್ಲ. ಅಲ್ಲಿ ಅದು ನೆಮ್ಮದಿಯಾಗಿದೆ. ನಾನು ಈಗಲೂ ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತೇನೆ.

ನಿಮ್ಮ ಮರಿಗೆ ಇನ್ನೂ 4 ತಿಂಗಳು. ಒಂದೇ ಒಂದು ಸಲ ಗುರ್ ಅಂದಿದೆ. ಈಗಲೇ ಕೊಡುವ ಮಾತು ಅವಸರದ್ದು ಅಂತ ನಿಮ್ಮ ಮನೆಯವರಿಗೆ ನನ್ನ ಪರವಾಗಿ ಹೇಳಿ. ಆದರೆ ಅವರು ಮಗನಿಗೆ ಏನಾದರೂ ಆದೀತು ಅಂತ ಹೆದರಿ ಹೇಳುತ್ತಿದ್ದಾರೆ, ನಾಯಿಯ ಮೇಲಿನ ಸಿಟ್ಟಿಗಲ್ಲ. ಅವರ ಜೊತೆ ಜಗಳ ಬೇಡ. ಮೂರು ತಿಂಗಳು ಸಮಯ ಕೇಳಿ, ಅಷ್ಟರಲ್ಲಿ ಏನೇನು ಮಾಡುತ್ತೀರಿ ಅಂತ ಬರೆದು ತೋರಿಸಿ. ಒಂದೇ ಬೇಡಿಕೆ: ಕೊಡುವುದೂ ಆಗದೆ ಇಟ್ಟುಕೊಳ್ಳುವುದೂ ಆಗದೆ ಹಿತ್ತಿಲಲ್ಲಿ ಕಟ್ಟಿಹಾಕಿ ಬಿಡಬೇಡಿ. ಯಾರ ಒಡನಾಟವೂ ಇಲ್ಲದೆ ಕಟ್ಟಿಹಾಕಿದ ನಾಯಿ ಇನ್ನೂ ಹೆದರುತ್ತೆ.

— ಒಬ್ಬ ತಂದೆ

*

ಅಕ್ಕಾ, ಇಷ್ಟುದ್ದ ಪತ್ರದಲ್ಲಿ ಮರಿಯ ಹೆಸರು ಒಂದು ಸಲವೂ ಬಂದಿಲ್ಲ. ಬೈಯುವಾಗ ಮಾತ್ರ ಹೆಸರು ಹಿಡಿದು ಕೂಗುತ್ತಿದ್ದೀರಾ? ನಮ್ಮ ಮನೆಯಲ್ಲಿ ಹಾಗೇ ಆಗಿತ್ತು. ಹೆಸರು ಕೇಳಿದರೆ ನಾಯಿ ಸೋಫಾ ಕೆಳಗೆ ನುಗ್ಗುತ್ತಿತ್ತು. ಕೊನೆಗೆ ಹೆಸರನ್ನೇ ಬದಲಾಯಿಸಿದೆವು. ಹೊಸ ಹೆಸರನ್ನು ಮೊದಲ ಎರಡು ವಾರ ತಿಂಡಿ ಕೊಡುವಾಗ ಬಿಟ್ಟು ಇನ್ನು ಯಾವಾಗಲೂ ಕರೆಯಲಿಲ್ಲ. ಹೆಸರು ಹೇಳೋದು, ಅದು ತಿರುಗಿ ನೋಡೋದು, ಒಂದು ಚೂರು ಕೊಡೋದು, ಅಷ್ಟೇ. ಈ ಕೆಲಸವನ್ನು ನಿಮ್ಮ ಮಗನಿಗೆ ಕೊಡಿ. ನೀವು ಪಕ್ಕದಲ್ಲಿ ಕೂತಿರಿ. ಚೂರನ್ನು ಕೈಯಲ್ಲಿ ಕೊಡುವುದು ಬೇಡ, ನೆಲಕ್ಕೆ ಎಸೆಯಲಿ. ಹೊಸ ಹೆಸರನ್ನೂ ಅವನೇ ಇಡಲಿ.

— ಕಾಲೇಜು ವಿದ್ಯಾರ್ಥಿನಿ