ಗಂಡೇ ಇಲ್ದೆ ಮೂರು ಸಲ ಮರಿ ಹಾಕಿದ ಗಪ್ಪಿ, ಜೊತೆಗೆ ತೊಟ್ಟಿ ಮೀನುಗಳ ಬಣ್ಣ ಹೋಗ್ತಿರೋದು ಯಾಕೆ?

ಹಿತ್ತಲ_ತೊಟ್ಟಿ (ಮೈಸೂರು):

ಎಲ್ರಿಗೂ ನಮಸ್ಕಾರ. ಮೀನು ಸಾಕೋರು, ಝೂವಾಲಜಿ ಓದಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ನಮ್ಮನೆ ಇರೋದು ಕುವೆಂಪುನಗರದಲ್ಲಿ, ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕೋಕೆ ಅಂತ ನಮ್ಮ ಮಾವ ಕಟ್ಟಿಸಿದ್ದ ಹಳೇ ಸಿಮೆಂಟ್ ತೊಟ್ಟಿ ಇದೆ. ಡೆಂಗ್ಯೂ ಭಯಕ್ಕೆ ಮೂರು ವರ್ಷದ ಹಿಂದೆ ಅಂಗಡಿಯಿಂದ ಆರು ಗಪ್ಪಿ ತಂದು ಬಿಟ್ಟೆ, ಎರಡು ಗಂಡು ನಾಕು ಹೆಣ್ಣು. ಒಂದು ಗಂಡಿನ ಬಾಲ ಪೂರ್ತಿ ಕೆಂಡದ ಬಣ್ಣ, ಇನ್ನೊಂದು ನೀಲಿ, ಬೀಸಣಿಗೆ ಥರ ಬಾಲ, ಸಂಜೆ ಕಾಫಿ ಹಿಡ್ಕೊಂಡು ನೋಡ್ತಾ ನಿಂತ್ರೆ ಹೊತ್ತು ಹೋಗಿದ್ದೇ ಗೊತ್ತಾಗ್ತಿರಲಿಲ್ಲ. ಸೊಳ್ಳೆ ಹುಳನೂ ತೊಟ್ಟಿಲಿ ಒಂದೂ ಉಳೀಲಿಲ್ಲ.

ಈಗ ಆ ತೊಟ್ಟಿಲಿ ನೂರಕ್ಕೂ ಜಾಸ್ತಿ ಇವೆ, ಆದ್ರೆ ಹಳೇ ಬಣ್ಣ ಒಂದರಲ್ಲೂ ಇಲ್ಲ, ಗಂಡುಗಳೆಲ್ಲ ಸಣ್ಣಗೆ, ಬಾಲ ಮೋಟು, ಮೈಮೇಲೆ ಅಲ್ಲೊಂದು ಇಲ್ಲೊಂದು ಕಿತ್ತಳೆ ಚುಕ್ಕೆ, ಒಂದು ಕಪ್ಪು ಚುಕ್ಕೆ, ಅಷ್ಟೇ. ನಲ್ಲಿ ಪೈಪಿನ ಮೇಲೆ ದಿನಾ ಬೆಳಿಗ್ಗೆ ಒಂದು ಮಿಂಚುಳ್ಳಿ ಬಂದು ಕೂರುತ್ತೆ, ಅದೇ ಚೆನ್ನಾಗಿರೋದನ್ನ ಆರಿಸಿ ಆರಿಸಿ ತಿಂತಿದೆ ಅಂತಾರೆ ನಮ್ಮ ಯಜಮಾನ್ರು.

ಇನ್ನೊಂದು ವಿಷಯ ಇದಕ್ಕಿಂತ ವಿಚಿತ್ರ. ರೆಕ್ಕೆ ಹರಿದಿತ್ತು ಅಂತ ಒಂದು ಹೆಣ್ಣನ್ನ ಬೇರೆ ಮಾಡಿ ಗಾಜಿನ ಜಾಡಿಲಿ ಮಡಗಿದ್ದೆ, ಒಂಟಿಯಾಗಿ. ಅದು ಮೂರು ತಿಂಗಳಲ್ಲಿ ಮೂರು ಸಲ ಮರಿ ಹಾಕ್ತು!! ಮರಿಗಳನ್ನ ಆಗಾಗ್ಲೇ ತೆಗೆದು ಬೇರೆ ಬಕೆಟ್ಟಿಗೆ ಹಾಕಿದೀನಿ, ಅಂದ್ರೆ ಜಾಡಿಲಿ ಗಂಡು ಅನ್ನೋದೇ ಇರಲಿಲ್ಲ. ಇದು ಹೇಗೆ ಸಾಧ್ಯ?

ಮಂಡ್ಯ_ಅಕ್ವೇರಿಯಂ:

ಅಕ್ಕ, ಗಾಬರಿ ಆಗ್ಬೇಡಿ, ಇದು ಗಪ್ಪಿ ಸಾಕೋರಿಗೆಲ್ಲ ಆಗೋದೇ. ನಾನು ಹನ್ನೆರಡು ವರ್ಷದಿಂದ ಗಪ್ಪಿ, ಮೋಲಿ, ಪ್ಲಾಟಿ ಮರಿ ಮಾಡಿ ಮಾರ್ತೀನಿ. ಹೆಣ್ಣು ಗಪ್ಪಿ ಒಂದ್ಸಲ ಕೂಡಿದ್ರೆ ಸಾಕು, ಗಂಡಿನ ವೀರ್ಯನ ಹೊಟ್ಟೆ ಒಳಗೇ ಮಡಗಿಕೊಂಡು ತಿಂಗಳುಗಟ್ಲೆ ಬಳಸ್ತದೆ, ಪ್ರತಿ ಸಲ ಒಸಿ ಒಸಿ. ನೀವು ಜಾಡಿಗೆ ಹಾಕೋಕೆ ಮುಂಚೆನೇ ತೊಟ್ಟಿಲಿ ಕೂಡಿರ್ತದೆ. ಅಂಗಡಿಯಿಂದ ಬರೀ ಹೆಣ್ಣು ತಗೊಂಡೋದೋರು ಕೂಡ ಒಂದು ತಿಂಗಳಿಗೆ ಫೋನ್ ಮಾಡ್ತಾರೆ, ಮರಿ ಹಾಕ್ಬಿಟ್ಟದೆ ಅಂತ.

ಗಂಡು ಹೆಣ್ಣು ಗುರುತಿಸೋದು ಬಾಲದ ಬಣ್ಣದಲ್ಲಿ ಅಲ್ಲ, ಹೊಟ್ಟೆ ಕೆಳಗಿನ ರೆಕ್ಕೆ ನೋಡಿ. ಹೆಣ್ಣಿಗೆ ಅದು ಬೀಸಣಿಗೆ ಥರ ಅಗಲ ಇರ್ತದೆ, ಗಂಡಿಗೆ ಬೆಳೀತಾ ಬೆಳೀತಾ ಅದು ಕಡ್ಡಿ ಥರ ಉದ್ದಕ್ಕೆ ಆಗೋಯ್ತದೆ, ಅದರಲ್ಲೇ ವೀರ್ಯ ಹೆಣ್ಣಿನ ಒಳಗೆ ಹಾಕೋದು. ಜಾಡಿ ಹಿಂದೆ ಬಿಳಿ ಪೇಪರ್ ಹಿಡಿದು ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ಗಂಡು ತಿರುಗೋವಾಗ ಆ ಕಡ್ಡಿನ ಟಕ್ ಅಂತ ಮುಂದಕ್ಕೆ ಮಡಚೋದು ಕಾಣ್ತದೆ. ಹೆಣ್ಣಿಗೆ ಅದೇ ರೆಕ್ಕೆ ಮೇಲ್ಗಡೆ ಹೊಟ್ಟೆಲಿ ಒಂದು ಕಪ್ಪು ಮಚ್ಚೆ ಇರ್ತದಲ್ಲ, ಅದು ದಿನದಿನಕ್ಕೂ ದೊಡ್ಡದಾಗಿ ಹೊಟ್ಟೆ ಚೌಕ ಆದ್ರೆ ಎರಡು ಮೂರು ದಿನದಲ್ಲಿ ಮರಿ ಅಂತ ಲೆಕ್ಕ. ಮರಿ ಬಂದ ಕೂಡ್ಲೇ ಬೇರೆ ಮಾಡಿ, ಇಲ್ಲಾಂದ್ರೆ ತಾಯಿನೇ ತಿಂದಾಕ್ತದೆ.

ಬಣ್ಣದ ವಿಷಯಕ್ಕೆ ನಾನು ಹೇಳೋದು ಇಷ್ಟೇ, ನಾವು ಪ್ರತಿ ತಲೆಮಾರಿಗೂ ಆರಿಸಿ ಕೂಡಿಸಿದ್ರೆ ಮಾತ್ರ ಆ ಬೀಸಣಿಗೆ ಬಾಲ ಉಳೀತದೆ, ನಾನಂತೂ ಮರಿ ತಿಂಗಳಾಗೋದ್ರೊಳಗೇ ಗಂಡು ಬೇರೆ ಹೆಣ್ಣು ಬೇರೆ ಮಾಡ್ಬಿಡ್ತೀನಿ. ಅವುಗಳ ಪಾಡಿಗೆ ಬಿಟ್ರೆ ಹಿಂಗೇ ಆಗೋದು.

ನಿವೃತ್ತ_ಪ್ರಾಣಿಶಾಸ್ತ್ರ_ಮೇಷ್ಟ್ರು:

ಮಂಡ್ಯದವರು ಸರಿಯಾಗಿ ಹೇಳಿದ್ದಾರೆ. ಆ ಕಡ್ಡಿಗೆ ಗೊನೊಪೋಡಿಯಂ ಅಂತ ಹೆಸರು, ಗುದದ ರೆಕ್ಕೆಯ 3, 4, 5ನೇ ಮುಳ್ಳೆಳೆಗಳು ಉದ್ದವಾಗಿ ಸೇರಿ ಆಗೋದು. ಗಪ್ಪಿ, ಮೋಲಿ, ಪ್ಲಾಟಿ, ಕತ್ತಿಬಾಲ, ಸೊಳ್ಳೆ ಹುಳ ತಿನ್ನೋಕೆ ಅಂತ ಬಿಡೋ ಗಂಬೂಸಿಯಾ ಇವೆಲ್ಲ ಒಂದೇ ಕುಟುಂಬ, ಪೊಯಿಸಿಲಿಡೇ. ಮೂಲ ಅಮೆರಿಕ ಖಂಡಗಳು, ನಮ್ಮ ದೇಶದ್ದಲ್ಲ. ಬಹುತೇಕ ಮೀನುಗಳು ಮೊಟ್ಟೆ, ವೀರ್ಯ ಎರಡನ್ನೂ ನೀರಿಗೆ ಬಿಟ್ಟು ಹೋಗ್ತವೆ, ಈ ಕುಟುಂಬದಲ್ಲಿ ಅವೆರಡೂ ಸೇರೋದು ಹೆಣ್ಣಿನ ಮೈಯೊಳಗೆ, ಒಂದೆರಡು ಬಿಟ್ಟು ಎಲ್ಲವೂ ಮರಿ ಹಾಕ್ತವೆ. ವೀರ್ಯ ಕೂಡಿಡೋ ಗುಣ ಇರೋದ್ರಿಂದ ಒಂದೇ ಹೆರಿಗೆಯ ಮರಿಗಳಿಗೆ ಇಬ್ಬರು ಮೂವರು ಅಪ್ಪಂದಿರೂ ಇರಬಹುದು.

ಈಗ ಮಿಂಚುಳ್ಳಿ ವಿಷಯ. ನಿಮ್ಮ ಯಜಮಾನರು ಹೇಳಿದ್ದನ್ನ ತಳ್ಳಿಹಾಕಬೇಡಿ, ಇದು ಜೀವವಿಕಾಸದಲ್ಲೇ ಬಹಳ ಚೆನ್ನಾಗಿ ಪರೀಕ್ಷೆ ಮಾಡಿರೋ ಪ್ರಶ್ನೆ. ಗಪ್ಪಿಯ ತವರು ಟ್ರಿನಿಡಾಡ್ ಮತ್ತು ವೆನೆಜುವೆಲಾ ಕಡೆ. ಟ್ರಿನಿಡಾಡ್ ಬೆಟ್ಟದ ತೊರೆಗಳಲ್ಲಿ ಜಲಪಾತದ ಕೆಳಗಡೆ ಗಪ್ಪಿ ತಿನ್ನೋ ದೊಡ್ಡ ಸಿಚ್ಲಿಡ್ ಮೀನುಗಳಿರ್ತವೆ, ಅವು ಜಲಪಾತ ಹತ್ತಲ್ಲ, ಹಂಗಾಗಿ ಮೇಲ್ಗಡೆ ಗಪ್ಪಿಗಳಿಗೆ ಅಷ್ಟು ಭಯ ಇಲ್ಲ. ಕೆಳಗಿನ ಗಂಡುಗಳು ಮಂಕು, ಮೇಲಿನವು ಬಣ್ಣಬಣ್ಣ. ಜಾನ್ ಎಂಡ್ಲರ್ ಅನ್ನೋ ವಿಜ್ಞಾನಿ 1976ರಲ್ಲಿ ಶತ್ರುಗಳಿರೋ ಕಡೆಯಿಂದ ಸುಮಾರು 200 ಗಪ್ಪಿ ಹಿಡಿದು, ಗಪ್ಪಿಯೇ ಇಲ್ಲದ, ಅಷ್ಟೇನೂ ಶತ್ರು ಇಲ್ಲದ ಒಂದು ಉಪತೊರೆಗೆ ಬಿಟ್ಟರು. ಎರಡು ವರ್ಷ ಬಿಟ್ಟು ಹೋಗಿ ನೋಡಿದ್ರೆ ಅವುಗಳ ವಂಶದ ಗಂಡುಗಳಲ್ಲಿ ಚುಕ್ಕೆ ಹೆಚ್ಚಾಗಿದ್ವು, ದೊಡ್ಡದಾಗಿದ್ವು, ಬಣ್ಣಗಳೂ ಜಾಸ್ತಿಯಾಗಿದ್ವು. ಬರೀ ಎರಡು ವರ್ಷ ಕಣ್ರೀ! ವಿಕಾಸ ಅಂದ್ರೆ ಲಕ್ಷಾಂತರ ವರ್ಷ ಅಂತ ಪಾಠ ಮಾಡ್ತಿದ್ದ ನನಗೆ ಇದನ್ನ ಮೊದಲು ಓದಿದಾಗ ರಾತ್ರಿ ನಿದ್ದೆ ಬಂದಿರಲಿಲ್ಲ. ಆಮೇಲೆ ಡೇವಿಡ್ ರೆಜ್ನಿಕ್ ಮತ್ತವರ ಜೊತೆಗಾರರು ಅದೇ ಮೀನುಗಳ ಬೆನ್ನು ಹತ್ತಿ, 11 ವರ್ಷದಲ್ಲಿ ಪ್ರಾಯಕ್ಕೆ ಬರೋ ವಯಸ್ಸು, ಮರಿಗಳ ಸಂಖ್ಯೆ, ಮರಿಯ ಗಾತ್ರ ಎಲ್ಲ ಬದಲಾಗಿದ್ದನ್ನ 1990ರಲ್ಲಿ ಪ್ರಕಟಿಸಿದ್ರು. ಸಾಯೋ ಭಯ ಕಮ್ಮಿ ಇದ್ರೆ ನಿಧಾನಕ್ಕೆ ಬೆಳೆದು ಕಮ್ಮಿ ಮರಿ, ಆದ್ರೆ ದೊಡ್ಡ ಮರಿ.

ಬಣ್ಣ ಯಾಕೆ ಬೇಕು ಅಂದ್ರೆ ಹೆಣ್ಣಿಗೋಸ್ಕರ. ಗಂಡು ಹೆಣ್ಣಿನ ಮುಂದೆ ಬಂದು ಮೈನ ಎಸ್ ಅಕ್ಷರದ ಥರ ಬಗ್ಗಿಸಿ ಗಡಗಡ ನಡುಗುತ್ತೆ, ನಿಮ್ಮ ತೊಟ್ಟಿಲಿ ಬೆಳಿಗ್ಗೆ ಹೊತ್ತು ತಾಳ್ಮೆಯಿಂದ ನೋಡಿದ್ರೆ ಖಂಡಿತ ಕಾಣುತ್ತೆ. ಹೆಣ್ಣಿಗೆ ಹಿಡಿಸಿದ್ರೆ ನಿಧಾನಕ್ಕೆ ಅದರ ಕಡೆ ಜಾರಿಕೊಂಡು ಬರುತ್ತೆ. ಕಿತ್ತಳೆ ಬಣ್ಣ ಅಂದ್ರೆ ಸಾಮಾನ್ಯವಾಗಿ ಅವುಕ್ಕೆ ಇಷ್ಟ. ಆ ಕಿತ್ತಳೆಗೆ ಬೇಕಾದ ಕೆರೋಟಿನಾಯ್ಡ್ ಮೀನು ತಾನೇ ತಯಾರಿಸೋಕಾಗಲ್ಲ, ಪಾಚಿ ತಿಂದೇ ಬರಬೇಕು, ಹಂಗಾಗಿ ಒಳ್ಳೆ ಬಣ್ಣ ಅಂದ್ರೆ ಚೆನ್ನಾಗಿ ಮೇಯೋ ಗಂಡು ಅಂತ ಹೆಣ್ಣಿಗೆ ಒಂದು ಗುರುತು. ಆದ್ರೆ ಹೆಣ್ಣಿನ ಕಣ್ಣಿಗೆ ಬೀಳೋ ಅದೇ ಚುಕ್ಕೆ ಶತ್ರುವಿನ ಕಣ್ಣಿಗೂ ಬೀಳುತ್ತೆ. ಎರಡರ ನಡುವೆ ಜಗ್ಗಾಟ. ಶತ್ರು ಜಾಸ್ತಿ ಇರೋ ಕಡೆ ಗಂಡುಗಳು ಕುಣಿಯೋದು ಬಿಟ್ಟು ಹಿಂದಿನಿಂದ ಬಂದು ಕದ್ದು ಕೂಡೋಕೆ ನೋಡ್ತವೆ.

ಆದರೂ ನಿಮ್ಮ ತೊಟ್ಟಿಲಿ ಎಲ್ಲಾನೂ ಮಿಂಚುಳ್ಳಿ ತಲೆಗೆ ಕಟ್ಟೋದು ತಪ್ಪಾಗುತ್ತೆ. ಅಂಗಡಿ ಗಪ್ಪಿಯ ಬಾಲ ಮನುಷ್ಯರು ಆರಿಸಿ ಆರಿಸಿ ಮಾಡಿದ್ದು, ಆರಿಸೋರು ಇಲ್ಲ ಅಂದ್ಮೇಲೆ ಹೋಗುತ್ತೆ. ಆ ಭಾರದ ಬಾಲ ಹೊತ್ತು ಈಜೋದೂ ಕಷ್ಟ. ಅದೂ ಅಲ್ದೆ ಶುರುವಾಗಿದ್ದೇ ಬರೀ ಎರಡು ಗಂಡಿನಿಂದ. ಗಪ್ಪಿಯಲ್ಲಿ ಬಣ್ಣದ ಜೀನ್‌ಗಳು ಎಷ್ಟೋ ಗಂಡಿಗೆ ಮಾತ್ರ ಇರೋ ವೈ ಕ್ರೋಮೋಸೋಮಿನಲ್ಲಿ ಇರೋದ್ರಿಂದ ಅಪ್ಪನಿಂದ ಮಗನಿಗೆ ನೇರ ಹೋಗ್ತವೆ, ಹೆಚ್ಚು ಗಂಡುಮಕ್ಕಳು ಉಳಿಯೋ ಮೊದಲೇ ಆ ಕೆಂಡದ ಬಾಲದವನು ಸತ್ತಿದ್ರೆ ಅವನ ಬಣ್ಣದ ಬಹುಪಾಲು ಅವನ ಜೊತೆಗೇ ಹೋಗಿರುತ್ತೆ. ತಿಳಿಬೇಕು ಅಂದ್ರೆ ಪರೀಕ್ಷೆ ಮಾಡಿ ನೋಡೋದೇ ದಾರಿ. ಎರಡು ತೊಟ್ಟಿ, ಒಂದೇ ಬಿಸಿಲು, ಒಂದೇ ನೀರು, ಒಂದಕ್ಕೆ ಮಾತ್ರ ಮೇಲೆ ಬಲೆ.

ನಾಲೆ_ಬಯಲು (ಮದ್ದೂರು ಕಡೆ):

ಮೇಷ್ಟ್ರೇ ಓದಿ ಭಾಳ ಖುಷಿ ಆಯ್ತು. ನಮ್ಮೂರ ಬಾವಿಲಿ ಇರೋದು ಗಪ್ಪಿ ಅಲ್ಲ, ಗಂಬೂಸಿಯಾ, ನಮ್ಮ ತಾತ ಅದಕ್ಕೆ ಮಲೇರಿಯಾ ಮೀನು ಅಂತಲೇ ಅನ್ನೋರು. ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ ಅಂತೀವಲ್ಲ, ಅದರ ನೀರು ಬಂದ ಮೇಲೆ ಗದ್ದೆ ಬಯಲಲ್ಲೆಲ್ಲ ಚಳಿಜ್ವರ ಶುರುವಾಗಿ ಜನ ಬಹಳ ನರಳಿದ್ರಂತೆ. ಗಂಬೂಸಿಯಾ ಇಂಡಿಯಾಕ್ಕೆ ಇಟಲಿಯಿಂದ 1928ರಲ್ಲಿ ಬಂದಿದ್ದು ಅಂತ ಓದಿದೀನಿ. ಅದರಲ್ಲಿ ಗಂಡು ಕುಣಿಯೋದನ್ನ ನಾನು ಒಂದ್ಸಲನೂ ನೋಡಿಲ್ಲ, ಬಣ್ಣನೂ ಇಲ್ಲ, ಸುಮ್ಮನೆ ಹಿಂದೆ ಹಿಂದೆ ಓಡಿಸ್ಕೊಂಡು ಹೋಗ್ತದೆ, ಹೆಣ್ಣು ಅದರ ಎರಡರಷ್ಟು ದಪ್ಪ, ಮೇಯೋಕೂ ಬಿಡಲ್ಲ ಪಾಪ.

ಒಂದು ಮಾತ್ರ ಕೈ ಮುಗಿದು ಕೇಳ್ಕೋತೀನಿ ಅಕ್ಕ. ಜಾಸ್ತಿ ಆದ್ವು ಅಂತ ಗಪ್ಪಿನ ಕುಕ್ಕರಹಳ್ಳಿ ಕೆರೆಗೋ ಲಿಂಗಾಂಬುಧಿಗೋ ನಾಲೆಗೋ ಬಿಡಬೇಡಿ. ಅದೇ ಕುಟುಂಬದ ಗಂಬೂಸಿಯಾ ನೋಡಿ, ಬೇರೆ ಮೀನಿನ ರೆಕ್ಕೆ ಕಚ್ಚಿ ಹರೀತದೆ, ಮೊಟ್ಟೆ, ಗೊದ್ದಮೊಟ್ಟೆ ಎಲ್ಲ ತಿಂತದೆ, ಪ್ರಪಂಚದ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಲಿ ಅದೂ ಇದೆ. ಸೊಳ್ಳೆ ಹುಳ ತಿನ್ನೋ ನಮ್ಮವೇ ಸಣ್ಣ ಮೀನುಗಳು ಇದ್ದಾವೆ, ನಾನು ಚಿಕ್ಕವನಿದ್ದಾಗ ಗದ್ದೆ ಕಾಲುವೆಲಿ ತಲೆ ಮೇಲೆ ಬೆಳ್ಳಿ ಬೊಟ್ಟು ಇಟ್ಟಂಗೆ ಹೊಳೀತಿದ್ವು, ಈಗ ಆ ಬೊಟ್ಟಿನ ಮೀನು ಹುಡುಕಿದ್ರೂ ಸಿಗೋದು ಕಷ್ಟ ಆಗದೆ. ಒಂದು ಹೊಟ್ಟೆ ಬಂದ ಹೆಣ್ಣು ಸಾಕು ಒಂದು ಕೆರೆ ತುಂಬೋಕೆ, ಅಕ್ಕನ ಜಾಡಿನೇ ಸಾಕ್ಷಿ.

ಮಂಡ್ಯ_ಅಕ್ವೇರಿಯಂ:

ನಿಜ ಅಣ್ಣ, ನಾನೂ ಗಿರಾಕಿಗಳಿಗೆ ಹೇಳ್ತಿರ್ತೀನಿ, ಬೇಡ ಅಂದ್ರೆ ವಾಪಸ್ ತಂದ್ಕೊಡಿ ದುಡ್ಡು ಬೇಡ ಅಂತ. ಮೇಷ್ಟ್ರೇ, ಒಂದು ಡೌಟು. ಮೋಲಿಲಿ ಗಂಡೇ ಇಲ್ಲದ ಜಾತಿ ಒಂದು ಐತೆ ಅಂತಾರಲ್ಲ, ನಿಜವಾ?

ನಿವೃತ್ತ_ಪ್ರಾಣಿಶಾಸ್ತ್ರ_ಮೇಷ್ಟ್ರು:

ನಿಜ. ಅಮೆಜಾನ್ ಮೋಲಿ ಅಂತ, ಇರೋದು ಮೆಕ್ಸಿಕೋದ ಈಶಾನ್ಯ ಭಾಗ ಮತ್ತು ಟೆಕ್ಸಾಸ್ ದಕ್ಷಿಣದಲ್ಲಿ, ಹೆಸರು ಬಂದಿದ್ದು ನದಿಯಿಂದ ಅಲ್ಲ, ಗ್ರೀಕ್ ಪುರಾಣದ ಹೆಣ್ಣು ಯೋಧರಿಂದ. ಬೆನ್ನೆಲುಬಿರೋ ಪ್ರಾಣಿಗಳಲ್ಲಿ ಹೀಗೆ ಪೂರ್ತಿ ಹೆಣ್ಣೇ ಇರೋ ಜಾತಿ ಇದೆ ಅಂತ ಮೊದಲು ಗೊತ್ತಾಗಿದ್ದೇ ಇದರಿಂದ, 1932ರಲ್ಲಿ. ಎರಡು ಬೇರೆ ಮೋಲಿ ಜಾತಿಗಳ ಬೆರಕೆಯಿಂದ ಹುಟ್ಟಿದ್ದು. ಇವು ಪಕ್ಕದ ಜಾತಿಯ ಗಂಡಿನ ಜೊತೆ ಕೂಡಲೇಬೇಕು, ವೀರ್ಯ ತಾಗದೆ ಮೊಟ್ಟೆ ಬೆಳೆಯೋದಿಲ್ಲ, ಆದ್ರೆ ಆ ಗಂಡಿನ ಜೀನ್ ಮರಿಗೆ ಸೇರಲ್ಲ, ಹುಟ್ಟೋ ಮಗಳು ತಾಯಿಯ ಪಡಿಯಚ್ಚು. ಹಂಗಾದ್ರೆ ಗಂಡಿಗೇನು ಲಾಭ ಅಂತ ಕೇಳಬಹುದು. ಹೀಗೆ ಕೂಡೋ ಪಕ್ಕದ ಜಾತಿಗಳಲ್ಲಿ ಒಂದಾದ ಸೈಲ್‌ಫಿನ್ ಮೋಲಿಯಲ್ಲಿ ನೋಡಿರೋ ಪ್ರಕಾರ, ಅಮೆಜಾನ್ ಹೆಣ್ಣಿನ ಜೊತೆ ಕಾಣಿಸಿಕೊಂಡ ಗಂಡನ್ನೇ ಅವನ ಸ್ವಂತ ಜಾತಿಯ ಹೆಣ್ಣುಗಳೂ ಆಮೇಲೆ ಜಾಸ್ತಿ ಇಷ್ಟಪಡ್ತವೆ. ಒಬ್ಬಳು ಆರಿಸಿದ್ದನ್ನ ಇನ್ನೊಬ್ಬಳು ನೋಡಿ ಆರಿಸೋದು, ಗಪ್ಪಿಯಲ್ಲೂ ಕಂಡಿರೋ ಗುಣ ಇದು.

ಹಿತ್ತಲ_ತೊಟ್ಟಿ (ಮೈಸೂರು):

ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಏಳು ಗಂಟೆಗೆ ಮಣೆ ಹಾಕ್ಕೊಂಡು ತೊಟ್ಟಿ ಪಕ್ಕ ಕೂತೆ, ಮುಕ್ಕಾಲು ಗಂಟೆ ಆದ್ಮೇಲೆ ಕಾಣಿಸ್ತು ಮೇಷ್ಟ್ರೇ, ಒಂದು ಪುಟ್ಟ ಗಂಡು ಹೆಣ್ಣಿನ ಮೂತಿ ಮುಂದೆ ಬಂದು ಮೈ ಬಗ್ಗಿಸಿ ನಡುಗಿತು, ಅದರ ಪಕ್ಕೆಯ ಕಿತ್ತಳೆ ಚುಕ್ಕೆ ಬಿಸಿಲಿಗೆ ದೀಪದ ಥರ ಕಂಡ್ತು. ಹೆಣ್ಣು ತಿರುಗಿ ಕೂಡ ನೋಡಲಿಲ್ಲ. ಮೂರು ವರ್ಷದಿಂದ ದಿನಾ ಇಲ್ಲೇ ನಿಲ್ತಿದ್ದೀನಿ, ಒಂದ್ಸಲನೂ ಗಮನಿಸಿರಲಿಲ್ಲ.

ಒಗೆಯೋ ಕಲ್ಲಿನ ಹತ್ರ ಅದೇ ಅಳತೆ ಇನ್ನೊಂದು ತೊಟ್ಟಿ ಖಾಲಿ ಇದೆ, ಒಂದೊಂದಕ್ಕೂ ಹತ್ತು ಗಂಡು ಹತ್ತು ಹೆಣ್ಣು ಎಣಿಸಿ ಬಿಡ್ತೀನಿ, ಮಿಕ್ಕಿದ್ದು ಮಂಡ್ಯದವರಿಗೇ ತಂದ್ಕೊಡ್ತೀನಿ, ಕೆರೆಗಂತೂ ಬಿಡಲ್ಲ. ಒಂದು ತೊಟ್ಟಿಗೆ ಹಳೇ ಸೊಳ್ಳೆಪರದೆ ಕಟ್ಟಿದ್ರೆ ಆಗುತ್ತಾ?

ನಿವೃತ್ತ_ಪ್ರಾಣಿಶಾಸ್ತ್ರ_ಮೇಷ್ಟ್ರು:

ಸೊಳ್ಳೆಪರದೆ ಬೇಡಮ್ಮ. ಸೊಳ್ಳೆ ಒಳಗೆ ಹೋಗಿ ಮೊಟ್ಟೆ ಇಡಲ್ಲ, ಬಿಸಿಲೂ ಕಮ್ಮಿ ಆಗಿ ಪಾಚಿ ಸರಿಯಾಗಿ ಬೆಳೆಯಲ್ಲ, ಆಗ ಎರಡು ತೊಟ್ಟಿಯ ಊಟವೇ ಬೇರೆ ಬೇರೆ ಆಗಿ ಮಿಂಚುಳ್ಳಿಯಿಂದ ಏನಾಯ್ತು ಅಂತ ಗೊತ್ತಾಗಲ್ಲ. ಬೆಳೆ ಮೇಲೆ ಹಾಕೋ ದೊಡ್ಡ ಕಣ್ಣಿನ ಹಕ್ಕಿ ಬಲೆ ತಗೊಳ್ಳಿ, ನೀರಿಂದ ಒಂದಡಿ ಮೇಲೆ ಬಿಗಿಯಾಗಿ ಕಟ್ಟಿ. ಬಿಡೋ ಮೊದಲು ಪ್ರತಿ ಗಂಡಿನ ಎರಡೂ ಪಕ್ಕದ ಫೋಟೋ ತೆಗೆದಿಡಿ.